ಮನೆಯ ಸೋಪಿಗೆ ಯಾವ ಎಣ್ಣೆ?

ಮನೆಯಲ್ಲೇ ಸೋಪು ಮಾಡಬೇಕೆಂದು ಹೊರಟವರು ಮೊದಲು ಕೇಳುವುದು ಯಾವ ಎಣ್ಣೆ ತರಲಿ ಎಂದು. ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದದ್ದು ಒಂದಿದೆ: ನಿಮ್ಮ ಬಚ್ಚಲಿಗೆ ಬರುವ ನೀರು ಎಂಥದು? ಆಳದ ಬೋರ್‌ವೆಲ್ ನೀರನ್ನೇ ನೆಚ್ಚಿಕೊಂಡ ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಮನೆಗಳಲ್ಲಿ ಬಕೆಟ್ಟಿನ ಒಳಗೆ ಬಿಳಿ ಕರೆ ಕಟ್ಟಿರುತ್ತದೆ, ನಲ್ಲಿಯ ಬಾಯಿ ಸುಣ್ಣ ಹಿಡಿದಿರುತ್ತದೆ. ಆ ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಸೋಪಿನೊಂದಿಗೆ ಸೇರಿ ನೀರಿನಲ್ಲಿ ಕರಗದ ಜಿಡ್ಡಾಗುತ್ತವೆ. ನೊರೆ ಏಳುವ ಮೊದಲೇ ಸೋಪಿನ ಒಂದು ಪಾಲು ಹೀಗೆ ಹಾಳಾಗಿ ಹೋಗುತ್ತದೆ. ಮಲೆನಾಡಿನ ಅಬ್ಬಿ ನೀರು, ಕರಾವಳಿಯ ಮುರಕಲ್ಲಿನ ಬಾವಿಯ ನೀರು ಸಾಮಾನ್ಯವಾಗಿ ಮೆದು. ಅಲ್ಲಿ ಅದೇ ಸೋಪನ್ನು ಎರಡು ಸಲ ಉಜ್ಜಿದರೆ ಸಾಕು, ಕೈ ತುಂಬ ನೊರೆ. ಆಲಿವ್ ಎಣ್ಣೆಯ ಸೋಪು ಶ್ರೇಷ್ಠ ಎಂಬ ಮಾತು ನಂಬಿ ಗಡಸು ನೀರಿನ ಮನೆಯವರು ಸಾವಿರಾರು ರೂಪಾಯಿ ಸುರಿದರೆ ಸಿಗುವುದು ನೊರೆಯಿಲ್ಲದ, ಲೋಳೆ ಲೋಳೆಯಾದ ಬಿಲ್ಲೆ. ಎಣ್ಣೆಯ ತಪ್ಪಲ್ಲ ಅದು, ನೀರಿಗೆ ಹೊಂದದ ಆಯ್ಕೆ.

ಇನ್ನೊಂದು ಮಾತನ್ನು ಆರಂಭದಲ್ಲೇ ಒತ್ತಿ ಹೇಳಬೇಕು. ಸೋಪಾದ ಮೇಲೆ ಎಣ್ಣೆ ಎಣ್ಣೆಯಾಗಿ ಉಳಿಯುವುದಿಲ್ಲ. ಕಾಸ್ಟಿಕ್ ಸೋಡಾ ಎಣ್ಣೆಯನ್ನು ಒಡೆದು ಅದರ ಕೊಬ್ಬಿನ ಆಮ್ಲಗಳನ್ನು ಸೋಡಿಯಂ ಲವಣವಾಗಿಸುತ್ತದೆ, ಅದೇ ಸೋಪು. ಜೊತೆಗೆ ಗ್ಲಿಸರಿನ್ ಬಿಡುಗಡೆಯಾಗುತ್ತದೆ. ಬಾದಾಮಿ ಎಣ್ಣೆ ಮುಖಕ್ಕೆ ಹಚ್ಚಿದರೆ ಆಗುವ ಲಾಭ ಬಾದಾಮಿ ಎಣ್ಣೆಯ ಸೋಪಿನಿಂದ ಆಗುತ್ತದೆ ಎಂದುಕೊಳ್ಳುವುದು ತಪ್ಪು. ಬಾದಾಮಿ ಎಣ್ಣೆಯಲ್ಲಿ ಹೆಚ್ಚಾಗಿರುವುದು ಓಲಿಯಿಕ್ ಆಮ್ಲ. ನಮ್ಮ ಶೇಂಗಾ ಎಣ್ಣೆಯಲ್ಲೂ ಅರ್ಧದಷ್ಟು ಅದೇ. ಸೋಪಿನ ಪಾತ್ರೆಯಲ್ಲಿ ಇವೆರಡರ ಕೆಲಸ ಹೆಚ್ಚುಕಡಿಮೆ ಒಂದೇ, ಬೆಲೆಯಲ್ಲಿ ಮಾತ್ರ ಹಲವು ಪಟ್ಟು ಅಂತರ. ಆದ್ದರಿಂದ ಎಣ್ಣೆಯ ಕೀರ್ತಿ ನೋಡಬೇಡಿ, ಅದರೊಳಗೆ ಯಾವ ಆಮ್ಲ ಎಷ್ಟಿದೆ ನೋಡಿ. ಸೋಪಿನ ಗುಣ ನಿರ್ಧಾರವಾಗುವುದು ಅಲ್ಲಿ.

ಲೆಕ್ಕ ಕಷ್ಟದ್ದಲ್ಲ. ಲಾರಿಕ್ ಮತ್ತು ಮಿರಿಸ್ಟಿಕ್ ಆಮ್ಲಗಳು ದೊಡ್ಡ ಗುಳ್ಳೆಯ ನೊರೆ ಕೊಡುತ್ತವೆ, ಕೊಳೆಯನ್ನು ಚುರುಕಾಗಿ ತೆಗೆಯುತ್ತವೆ. ಹೆಚ್ಚಾದರೆ ಮೈಯ ಜಿಡ್ಡನ್ನೂ ತೆಗೆದು ಚರ್ಮ ಬಿರಿಯುವಂತೆ ಮಾಡುತ್ತವೆ. ಪಾಮಿಟಿಕ್, ಸ್ಟಿಯರಿಕ್ ಆಮ್ಲಗಳಿಂದ ಬಿಲ್ಲೆ ಗಟ್ಟಿಯಾಗಿ, ಬೇಗ ಸವೆಯದೆ, ಕೆನೆಯಂಥ ನೊರೆ ಕೊಡುತ್ತದೆ. ಓಲಿಯಿಕ್ ಆಮ್ಲ ಸೌಮ್ಯ, ಆದರೆ ನೊರೆ ಕಡಿಮೆ. ಲಿನೋಲಿಯಿಕ್ ಆಮ್ಲವೂ ಸೌಮ್ಯವೇ, ಆದರೆ ಬೇಗ ಕೆಡುತ್ತದೆ. ಹರಳೆಣ್ಣೆಯಲ್ಲಿರುವ ರಿಸಿನೋಲಿಯಿಕ್ ಆಮ್ಲ ತಾನೊಂದೇ ಅಷ್ಟು ನೊರೆ ಕೊಡದಿದ್ದರೂ ಬೇರೆ ಎಣ್ಣೆಗಳ ನೊರೆಯನ್ನು ಹಿಡಿದು ನಿಲ್ಲಿಸುತ್ತದೆ.

ಕೊಬ್ಬರಿ ಎಣ್ಣೆ

ನಮ್ಮಲ್ಲಿ ಕೊಬ್ಬರಿ ಎಣ್ಣೆಯಿಲ್ಲದೆ ಒಳ್ಳೆಯ ಸೋಪು ಮಾಡುವುದು ಕಷ್ಟ. ಅದರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಲಾರಿಕ್ ಆಮ್ಲ. ನಮ್ಮ ಊರುಗಳಲ್ಲಿ ಸುಲಭವಾಗಿ ಸಿಗುವ ಬೇರಾವ ಎಣ್ಣೆಯಲ್ಲೂ ಇಷ್ಟಿಲ್ಲ. ಗಡಸು ನೀರಿನಲ್ಲಿ, ಉಪ್ಪು ನೀರಿನಲ್ಲಿ ಕೂಡ ನೊರೆ ಕೊಡುವುದು ಅದರ ದೊಡ್ಡ ಗುಣ. ಸಮುದ್ರದ ನೀರಲ್ಲೇ ಮೀಯಬೇಕಾದ ನಾವಿಕರಿಗೆ ಹಿಂದೆ ಕೊಬ್ಬರಿ ಎಣ್ಣೆಯಿಂದಲೇ ಸೋಪು ಮಾಡುತ್ತಿದ್ದುದು ಇದಕ್ಕಾಗಿ. ಮೆದು ನೀರಿನ ಮನೆಗೆ ಒಟ್ಟು ಎಣ್ಣೆಯಲ್ಲಿ ನೂರಕ್ಕೆ 25ರಿಂದ 30 ಪಾಲು ಕೊಬ್ಬರಿ ಸಾಕು. ಬೋರ್‌ವೆಲ್ ನೀರಿಗೆ 40ರವರೆಗೆ ಹೋಗಬಹುದು. ಅದಕ್ಕೂ ಮೀರಿದರೆ ಚಳಿಗಾಲದಲ್ಲಿ ಮೊಣಕಾಲು, ಮೊಣಕೈ ಬಿಳಿಚಿಕೊಂಡು ಉರಿಯುತ್ತವೆ.

ತಿಪಟೂರಿನ ಕೊಬ್ಬರಿಯಿಂದ ಗಾಣದಲ್ಲಿ ತೆಗೆಸಿದ ಎಣ್ಣೆಯ ಪರಿಮಳ ಎಲ್ಲರಿಗೂ ಪ್ರಿಯ. ಆದರೆ ಕಾಸ್ಟಿಕ್ ಸೋಡಾದ ಮುಂದೆ ಆ ಪರಿಮಳ ನಿಲ್ಲುವುದಿಲ್ಲ. ಗಾಣದ ಎಣ್ಣೆಯನ್ನು ಅಡುಗೆಗೆ, ತಲೆಗೆ ಇಟ್ಟುಕೊಂಡು ಸೋಪಿಗೆ ಸಾಧಾರಣ ಕೊಬ್ಬರಿ ಎಣ್ಣೆ ಬಳಸುವುದೇ ಸರಿ ಎಂದು ನನ್ನ ಅಭಿಪ್ರಾಯ. ಒಂದು ಎಚ್ಚರ: ತಲೆಗೆ ಹಚ್ಚುವ ಎಣ್ಣೆಯೆಂದು ಮಾರುವ ಕೆಲವು ಬಾಟಲಿಗಳಲ್ಲಿ ಖನಿಜ ತೈಲ ಬೆರೆತಿರುತ್ತದೆ. ಅದು ಕಾಸ್ಟಿಕ್ ಸೋಡಾದ ಜೊತೆ ಸೇರುವುದೇ ಇಲ್ಲ, ಸೋಪೂ ಆಗುವುದಿಲ್ಲ. ಅಡುಗೆಗೆ ಬಳಸಬಹುದು ಎಂದು ಮುದ್ರಿಸಿದ ಎಣ್ಣೆಯನ್ನೇ ಕೊಳ್ಳಿ.

ಮನೆಯ ಡಬ್ಬಿಯ ಎಣ್ಣೆಗಳು

ಸೋಪಿನ ಉಳಿದ ಅರ್ಧಕ್ಕೆ ಬೇಕಾದದ್ದು ಸೌಮ್ಯವಾದ, ಅಗ್ಗದ ಎಣ್ಣೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಶೇಂಗಾ ಎಣ್ಣೆ ಇದ್ದೇ ಇರುತ್ತದೆ. ಅದನ್ನು ಮೂರನೇ ಒಂದು ಪಾಲು ಹಾಕಬಹುದು. ಅಕ್ಕಿ ತೌಡಿನ ಎಣ್ಣೆ ಇನ್ನೊಂದು ಒಳ್ಳೆಯ ಆಯ್ಕೆ. ಅದರಲ್ಲಿ ಪಾಮಿಟಿಕ್ ಆಮ್ಲವೂ ಸ್ವಲ್ಪ ಇರುವುದರಿಂದ ಬಿಲ್ಲೆ ಶೇಂಗಾದ್ದಕ್ಕಿಂತ ತುಸು ಗಟ್ಟಿಯಾಗುತ್ತದೆ. ಲಿನೋಲಿಯಿಕ್ ಆಮ್ಲ ಮೂರರಲ್ಲಿ ಒಂದು ಪಾಲಿನಷ್ಟಿರುವುದರಿಂದ 30–35ರ ಮೇಲೆ ಹೋಗದಿರುವುದು ಕ್ಷೇಮ.

ಕೈ ತಡೆಯಬೇಕಾದದ್ದು ಸೂರ್ಯಕಾಂತಿ, ಕುಸುಬೆ ಮತ್ತು ಹುಚ್ಚೆಳ್ಳು ಎಣ್ಣೆಗಳ ವಿಷಯದಲ್ಲಿ. ಮೂರೂ ಅಡುಗೆಗೆ ಒಳ್ಳೆಯವೇ. ಆದರೆ ಸಾಮಾನ್ಯ ಕುಸುಬೆ ಎಣ್ಣೆಯಲ್ಲಿ ಮುಕ್ಕಾಲು ಪಾಲು ಲಿನೋಲಿಯಿಕ್ ಆಮ್ಲವೇ. ಅಂಥ ಎಣ್ಣೆ ಹೆಚ್ಚಾದ ಸೋಪಿನ ಮೇಲೆ ಕೆಲವು ತಿಂಗಳಲ್ಲಿ ಕಿತ್ತಳೆ ಬಣ್ಣದ ಚುಕ್ಕಿಗಳು ಏಳುತ್ತವೆ, ಹಳೆಯ ಕರಿದ ಎಣ್ಣೆಯ ಕಮಟು ವಾಸನೆ ಬರುತ್ತದೆ. ಬಿಸಿಲು, ತೇವ, ಕಬ್ಬಿಣದ ಸ್ಪರ್ಶ ಇವೆಲ್ಲ ಅದನ್ನು ಬೇಗ ಮಾಡಿಸುತ್ತವೆ. ಒಟ್ಟು ಪಾಕದಲ್ಲಿ ಲಿನೋಲಿಯಿಕ್ ಮತ್ತು ಲಿನೋಲೆನಿಕ್ ಆಮ್ಲಗಳು ಸೇರಿ 15 ಪಾಲು ಮೀರದಂತೆ ನೋಡಿಕೊಂಡರೆ ಈ ಕಾಟ ಬಹಳ ಮಟ್ಟಿಗೆ ತಪ್ಪುತ್ತದೆ. ಸೂರ್ಯಕಾಂತಿ ಎಣ್ಣೆ ಹಾಕಲೇಬೇಕೆಂದರೆ 10 ಪಾಲು ಹಾಕಿ, ಸಾಕು. ಅಗಸೆ ಎಣ್ಣೆ ಸೋಪಿಗೆ ಬೇಡವೇ ಬೇಡ. ಎಳ್ಳೆಣ್ಣೆಯಲ್ಲೂ ಲಿನೋಲಿಯಿಕ್ ಆಮ್ಲ 40 ಪಾಲಿನಷ್ಟಿದೆ. ಕೆಡದಂತೆ ಕಾಯುವ ಅಂಶಗಳು ಅದರಲ್ಲೇ ಇರುವುದರಿಂದ ಸೂರ್ಯಕಾಂತಿಗಿಂತ ವಾಸಿ, ಆದರೂ 10–15ಕ್ಕೆ ನಿಲ್ಲಿಸಿ.

ಹರಳೆಣ್ಣೆ, ಉತ್ತರ ಕರ್ನಾಟಕದವರ ಔಡಲೆಣ್ಣೆ, ಪ್ರತಿ ಪಾಕದಲ್ಲೂ 5ರಿಂದ 10 ಪಾಲು ಇರಲಿ. ನೊರೆ ಬೇಗ ಇಳಿಯುವುದಿಲ್ಲ, ಗಡಸು ನೀರಿನಲ್ಲೂ ಸೋಪು ಚೆನ್ನಾಗಿ ಕರಗುತ್ತದೆ. 10 ದಾಟಿದರೆ ಬಿಲ್ಲೆ ಅಂಟಂಟಾಗಿ ಮೆತ್ತಗಾಗುತ್ತದೆ.

ಪಾಮ್ ಎಣ್ಣೆಯ ಬಗ್ಗೆ ಒಂದು ಗೊಂದಲವಿದೆ. ಪಾಕಗಳಲ್ಲಿ ‘ಪಾಮ್’ ಎಂದು ಬರೆದಿರುವುದು ತಾಳೆಹಣ್ಣಿನ ಪೂರ್ತಿ ಎಣ್ಣೆಯನ್ನು ಕುರಿತು. ನಮ್ಮ ಅಂಗಡಿಯಲ್ಲಿ ಪ್ಯಾಕೆಟ್ಟಿನಲ್ಲಿ ಸಿಗುವ ಪಾಮೊಲಿನ್ ಅದರಿಂದ ಗಟ್ಟಿ ಭಾಗ ತೆಗೆದ ಮೇಲೆ ಉಳಿದ ದ್ರವ. ಬಿಲ್ಲೆ ಗಟ್ಟಿಯಾಗಲೆಂದು ಪಾಮೊಲಿನ್ ಸುರಿದರೆ ಎಣಿಸಿದಷ್ಟು ಗಟ್ಟಿಯಾಗುವುದಿಲ್ಲ. ವನಸ್ಪತಿಯಲ್ಲಿ ಯಾವ ಎಣ್ಣೆ ಎಷ್ಟು ಬೆರೆಸಿದ್ದಾರೆಂದು ಬ್ರಾಂಡಿಗೊಂದು ಬಗೆ, ಅದರಿಂದ ಸೋಡಾದ ಲೆಕ್ಕ ಹಿಡಿಯುವುದು ಕಷ್ಟ. ತುಪ್ಪದ ಸೋಪಿಗೆ ಬ್ಯೂಟಿರಿಕ್ ಆಮ್ಲದ ಹುಳಿ ವಾಸನೆ ಅಂಟುವುದುಂಟು. ಅಷ್ಟು ಬೆಲೆಬಾಳುವ ಪದಾರ್ಥವನ್ನು ಬಚ್ಚಲಿಗೆ ಹರಿಸುವುದಕ್ಕಿಂತ ಊಟದ ಎಲೆಗೆ ಬಡಿಸುವುದು ಮೇಲು.

ಬೇವು, ಹೊಂಗೆ, ಹಿಪ್ಪೆ

ಬೇವಿನೆಣ್ಣೆಯ ಸೋಪು ಎಂದರೆ ಜನರಿಗೆ ತುಂಬ ನಂಬಿಕೆ. 5 ಪಾಲು ಹಾಕಿದರೂ ವಾಸನೆ ಉಳಿಯುತ್ತದೆ. 10 ಹಾಕಿದರೆ ಬೇರೆ ಯಾವ ಸುಗಂಧವೂ ಅದನ್ನು ಮುಚ್ಚಲಾರದು. ವಾಸನೆ ಇಷ್ಟವಿದ್ದವರು ಹಾಕಲಿ, ಸೋಪು ಕೆಡುವುದಿಲ್ಲ. ಆದರೆ ಚರ್ಮರೋಗಕ್ಕೆ ಅದೇ ಔಷಧಿ ಎಂದು ನಂಬಿ ವೈದ್ಯರ ಬಳಿ ಹೋಗುವುದನ್ನು ಮುಂದೂಡಬಾರದು. ಹೊಂಗೆ ಎಣ್ಣೆ ನಮ್ಮ ಹಳ್ಳಿಗಳಲ್ಲಿ ದೀಪಕ್ಕೆ ಉರಿದ ಎಣ್ಣೆ. ಅದರಲ್ಲೂ ಓಲಿಯಿಕ್ ಆಮ್ಲವೇ ಹೆಚ್ಚು, ಬಣ್ಣ ಕಂದು ಹಳದಿ, ವಾಸನೆ ಕಟು. ಬಟ್ಟೆ ಸೋಪಿಗೆ, ನಾಯಿ ಮೀಯಿಸುವ ಸೋಪಿಗೆ ಸ್ವಲ್ಪ ಬೆರೆಸಬಹುದು. ಮುಖಕ್ಕೆ ಬಳಸುವ ಸೋಪಿಗೆ ಹಾಕೆಂದು ನಾನು ಹೇಳುವುದಿಲ್ಲ.

ಇವೆರಡರ ಅಬ್ಬರದಲ್ಲಿ ಮರೆತುಹೋಗಿರುವುದು ಹಿಪ್ಪೆ ಎಣ್ಣೆ. ಪಾಮಿಟಿಕ್, ಸ್ಟಿಯರಿಕ್ ಆಮ್ಲಗಳೆರಡೂ ಸೇರಿ ಸುಮಾರು 40–45 ಪಾಲು, ಉಳಿದುದರಲ್ಲಿ ಓಲಿಯಿಕ್ ಹೆಚ್ಚು. ಅಂದರೆ ಗಟ್ಟಿತನ, ಸೌಮ್ಯತೆ ಎರಡೂ ಒಂದೇ ಎಣ್ಣೆಯಲ್ಲಿ. ತಂಪು ದಿನಗಳಲ್ಲಿ ಬೆಣ್ಣೆಯಂತೆ ಹೆಪ್ಪುಗಟ್ಟುತ್ತದೆ. ಭಾರತದ ಸೋಪು ಕಾರ್ಖಾನೆಗಳು ಇದನ್ನು ಬಳಸಿಕೊಂಡು ಬಂದಿವೆ. ಹಿಪ್ಪೆ ಮರಗಳಿರುವ ಊರಿನವರಿಗೆ, ಗಾಣದಲ್ಲಿ ಶುದ್ಧ ಎಣ್ಣೆ ಸಿಗುವುದಾದರೆ, 20–25 ಪಾಲು ಧೈರ್ಯವಾಗಿ ಹಾಕಬಹುದು. ದೇವರ ದೀಪಕ್ಕೆಂದು ಮಾರುವ ಬೆರಕೆ ಎಣ್ಣೆ ಮಾತ್ರ ಬೇಡ.

ಗಟ್ಟಿ ಕೊಬ್ಬುಗಳು: ಮುರುಗಲು ಮೊದಲು

ಹೊರದೇಶದ ಹಳೆಯ ಪಾಕಗಳಲ್ಲಿ ಸೋಪು ಗಟ್ಟಿಯಾಗಲು ದನದ ಅಥವಾ ಹಂದಿಯ ಕೊಬ್ಬು ಹಾಕುತ್ತಾರೆ. ಅದು ಬೇಡವೆನ್ನುವವರಿಗೆ ಶಿಯಾ ಬೆಣ್ಣೆ, ಕೋಕೋ ಬೆಣ್ಣೆ ಎಂದು ಈಚಿನ ಪುಸ್ತಕಗಳು ಹೇಳುತ್ತವೆ. ಶಿಯಾ ಬರುವುದು ಪಶ್ಚಿಮ ಆಫ್ರಿಕಾದ ಘಾನಾ, ಬುರ್ಕಿನಾ ಫಾಸೊ ಮುಂತಾದ ನಾಡುಗಳಿಂದ. ಒಳ್ಳೆಯದೇ, ಆದರೆ ನಮ್ಮ ಪಶ್ಚಿಮ ಘಟ್ಟದ ಕಾಡಿನಲ್ಲೇ ಅದಕ್ಕಿಂತ ಗಟ್ಟಿಯಾದ ಕೊಬ್ಬು ಬೆಳೆಯುತ್ತದೆ. ಉತ್ತರ ಕನ್ನಡದವರ ಮುರುಗಲು, ದಕ್ಷಿಣ ಕನ್ನಡದವರ ಪುನರ್ಪುಳಿ. ಹಣ್ಣಿನ ಸಿಪ್ಪೆ ಸಾರಿಗೆ, ಶರಬತ್ತಿಗೆ ಹೋದ ಮೇಲೆ ಬೀಜ ಉಳಿಯುತ್ತದೆ. ಒಣಗಿಸಿ, ಕುಟ್ಟಿ, ನೀರಿನಲ್ಲಿ ಕುದಿಸಿದರೆ ಕೊಬ್ಬು ಮೇಲೆ ತೇಲುತ್ತದೆ. ಅದನ್ನು ಬಳಿದು ತೆಗೆದು ಆರಿಸಿದರೆ ಬಿಳಿ ಹಳದಿಯ ಗಟ್ಟಿ ಉಂಡೆ. ಕಾಲಿನ ಹಿಮ್ಮಡಿ ಒಡೆದರೆ, ತುಟಿ ಬಿರಿದರೆ ಘಟ್ಟದ ಮನೆಗಳಲ್ಲಿ ಇದನ್ನೇ ಹಚ್ಚುವುದು.

ಇದರಲ್ಲಿ ಸ್ಟಿಯರಿಕ್ ಆಮ್ಲ ಅರ್ಧಕ್ಕೂ ಹೆಚ್ಚು, ಮಿಕ್ಕಿದ್ದರಲ್ಲಿ ಬಹುಪಾಲು ಓಲಿಯಿಕ್. ಕರಗಲು 38–40 ಡಿಗ್ರಿ ಬೇಕು. ಲಿನೋಲಿಯಿಕ್ ನಾಮಕಾವಸ್ತೆ ಇರುವುದರಿಂದ ಕಮಟು ಹಿಡಿಯುವುದೂ ಕಡಿಮೆ. ಪಾಕಕ್ಕೆ 10ರಿಂದ 15 ಪಾಲು ಸಾಕು. ಬಿಲ್ಲೆ ನೀರಿನಲ್ಲಿ ಲೋಳೆಯಾಗದೆ ಬಹಳ ದಿನ ಬರುತ್ತದೆ. 20 ದಾಟಿದರೆ ಸೋಪು ಕತ್ತರಿಸುವಾಗ ಪುಡಿಪುಡಿಯಾಗಿ ಒಡೆಯುತ್ತದೆ, ನೊರೆಯೂ ಕುಗ್ಗುತ್ತದೆ. ಇನ್ನೊಂದು ಸೂಕ್ಷ್ಮ: ಮುರುಗಲು ಹಾಕಿದಾಗ ಎಣ್ಣೆಗಳು 45–50 ಡಿಗ್ರಿಯಲ್ಲಾದರೂ ಇರಬೇಕು. ತಣ್ಣಗಿದ್ದರೆ ಕೊಬ್ಬು ತಾನೇ ಹೆಪ್ಪುಗಟ್ಟಲು ಶುರುವಾಗಿ, ಸೋಪಿನ ಪಾಕ ಬಂದಂತೆ ಮೋಸ ಮಾಡುತ್ತದೆ; ಅಚ್ಚಿಗೆ ಸುರಿದ ಮೇಲೆ ಎಣ್ಣೆಯೂ ಸೋಡಾ ನೀರೂ ಬೇರೆಯಾಗುತ್ತವೆ.

ಕೋಕೋ ಬೆಣ್ಣೆಯೂ ನಮಗೆ ದೂರದ್ದಲ್ಲ. ದಕ್ಷಿಣ ಕನ್ನಡದ ಅಡಿಕೆ ತೋಟಗಳ ನಡುವೆ ಕೋಕೋ ಬೆಳೆಯುತ್ತದೆ, ಪುತ್ತೂರಿನಲ್ಲಿ ಕ್ಯಾಂಪ್ಕೋದ ಚಾಕೊಲೇಟ್ ಕಾರ್ಖಾನೆ 1986ರಿಂದ ಇದೆ. ಪಾಮಿಟಿಕ್, ಸ್ಟಿಯರಿಕ್, ಓಲಿಯಿಕ್ ಮೂರೂ ಅದರಲ್ಲಿ ಹೆಚ್ಚುಕಡಿಮೆ ಸಮ. ಗುಣದಲ್ಲಿ ಮುರುಗಲಿಗೆ ಹತ್ತಿರ, ಬೆಲೆಯಲ್ಲಿ ಮೇಲು. ಸಿಕ್ಕಿದರೆ 10 ಪಾಲು ಹಾಕಿ, ಹುಡುಕಿಕೊಂಡು ಹೋಗಬೇಕಾಗಿಲ್ಲ. ಮಾವಿನ ಓಟೆಯೊಳಗಿನ ಕೊಬ್ಬೂ ಇದೇ ಜಾತಿಯದು. ಶಿಯಾದಲ್ಲಿ ಸೋಪಾಗದೆ ಉಳಿಯುವ ಅಂಶ ಬೇರೆ ಕೊಬ್ಬುಗಳಿಗಿಂತ ಹೆಚ್ಚು, ಅದರಿಂದ ಸೋಪು ಮೃದು ಎನ್ನಿಸುತ್ತದೆ ಎಂದು ಹೇಳುವವರಿದ್ದಾರೆ. ಅದು ನಿಜವಿರಬಹುದಾದರೂ, ಒಂದು ನಿಮಿಷ ಮೈಮೇಲಿದ್ದು ತೊಳೆದು ಹೋಗುವ ಪದಾರ್ಥಕ್ಕೆ ಆ ಬೆಲೆ ಕೊಡುವುದು ನನಗೆ ಒಪ್ಪಿಗೆಯಿಲ್ಲ. ದುಬಾರಿ ಕೊಬ್ಬನ್ನು ಮಿಂದ ಮೇಲೆ ಮೈಗೆ ಹಚ್ಚಿಕೊಳ್ಳಿ, ಪೂರ್ತಿ ಫಲ ಸಿಗುತ್ತದೆ.

ತೂಕ ಮತ್ತು ಸೋಡಾ

ಒಂದೊಂದು ಎಣ್ಣೆ ಒಂದೊಂದು ಪ್ರಮಾಣದ ಕಾಸ್ಟಿಕ್ ಸೋಡಾ ಕೇಳುತ್ತದೆ. ಇದು ತಿಳಿಯದೆ ಎಣ್ಣೆ ಬದಲಾಯಿಸುವುದು ಅಪಾಯ. 1 ಗ್ರಾಂ ಎಣ್ಣೆ ಪೂರ್ತಿ ಸೋಪಾಗಲು ಬೇಕಾದ ಸೋಡಾ ಹೀಗೆ: ಕೊಬ್ಬರಿಗೆ 0.183 ಗ್ರಾಂ, ಶೇಂಗಾ ಮತ್ತು ಕೋಕೋ ಬೆಣ್ಣೆಗೆ 0.137, ಮುರುಗಲಿಗೆ 0.135, ಸೂರ್ಯಕಾಂತಿ ಮತ್ತು ಎಳ್ಳಿಗೆ 0.134, ಅಕ್ಕಿ ತೌಡಿಗೆ 0.133, ಹರಳೆಣ್ಣೆಗೆ ಮತ್ತು ಶಿಯಾಗೆ 0.128. ಕೊಬ್ಬರಿ ಎಷ್ಟು ಬೇರೆ ನಿಂತಿದೆ ನೋಡಿ.

ಬೋರ್‌ವೆಲ್ ನೀರಿನ ಮನೆಗೆ ಒಂದು ಕಿಲೋ ಎಣ್ಣೆಯ ಪಾಕ ಹೇಳುತ್ತೇನೆ. ಕೊಬ್ಬರಿ 400 ಗ್ರಾಂ, ಶೇಂಗಾ 350, ಮುರುಗಲು 150, ಹರಳೆಣ್ಣೆ 100. ಒಂದೊಂದನ್ನೂ ಅದರ ಅಂಕಿಯಿಂದ ಗುಣಿಸಿ ಕೂಡಿದರೆ 154.2 ಗ್ರಾಂ ಸೋಡಾ ಆಗುತ್ತದೆ. ಇಷ್ಟನ್ನೂ ಹಾಕಬಾರದು. ಸ್ವಲ್ಪ ಎಣ್ಣೆ ಸೋಪಾಗದೆ ಉಳಿದರೆ ಮೈಗೆ ಹಿತ. ತೂಕದಲ್ಲಿ ಅಲ್ಪಸ್ವಲ್ಪ ಏರುಪೇರಾದರೂ ಸೋಡಾ ಮಿಗುವುದಿಲ್ಲ. ಹೀಗೆ ಎಣ್ಣೆ ಉಳಿಸುವುದಕ್ಕೆ ಸೂಪರ್‌ಫ್ಯಾಟ್ ಎನ್ನುತ್ತಾರೆ. 6 ಶೇಕಡಾ ಕಳೆದರೆ ಹಾಕಬೇಕಾದ ಸೋಡಾ 145 ಗ್ರಾಂ, ಅದನ್ನು ಕರಗಿಸಲು ನೀರು ಅದರ ಎರಡು ಪಟ್ಟು, 290 ಗ್ರಾಂ. ಮೆದು ನೀರಿನವರು ಕೊಬ್ಬರಿ ಇಳಿಸಿ ಶೇಂಗಾ ಏರಿಸಿಕೊಳ್ಳಬಹುದು, ಆದರೆ ಲೆಕ್ಕ ಮತ್ತೆ ಮಾಡಬೇಕು. ಕೊಬ್ಬರಿ ದುಬಾರಿಯಾಯಿತೆಂದು ಅದರ 400 ಗ್ರಾಮಿಗೂ ಶೇಂಗಾ ಎಣ್ಣೆಯನ್ನೇ ಸುರಿದು ಸೋಡಾ ಮಾತ್ರ 145 ಗ್ರಾಂ ಉಳಿಸಿಕೊಂಡರೆ, ಸುಮಾರು 9 ಗ್ರಾಂ ಸೋಡಾ ಬಿಲ್ಲೆಯೊಳಗೆ ಹಾಗೇ ಉಳಿದು ಚರ್ಮ ಸುಡುತ್ತದೆ. ಊರ ಕಾಡಿನ ಯಾವುದೋ ಬೀಜದ ಕೊಬ್ಬು ಸಿಕ್ಕಿತು, ಅದರ ಅಂಕಿ ಎಲ್ಲೂ ಇಲ್ಲ ಎಂದಾದರೆ ‘ಮುರುಗಲಿನ ಹಾಗೇ ಇದೆಯಲ್ಲ’ ಎಂದು ಅಂದಾಜು ಮಾಡಬೇಡಿ.

ಕರಾವಳಿಯ ಮನೆಯಲ್ಲಿ ಕೊಬ್ಬರಿ ಎಣ್ಣೆ ಬಿಟ್ಟು ಬೇರೇನೂ ಇಲ್ಲದಿದ್ದರೂ ಸೋಪು ಮಾಡಬಹುದು. ಆಗ ಸೂಪರ್‌ಫ್ಯಾಟ್ 20 ಶೇಕಡಾ ಇಡಬೇಕು: ಕಿಲೋ ಎಣ್ಣೆಗೆ 146 ಗ್ರಾಂ ಸೋಡಾ. ಅದೇ ಎಣ್ಣೆಗೆ 181 ಗ್ರಾಂ ಹಾಕಿದರೆ ಬಟ್ಟೆ, ಪಾತ್ರೆಯ ಸೋಪು. ಹಬ್ಬದಲ್ಲಿ ಕರಿದು ಉಳಿದ ಎಣ್ಣೆಯನ್ನೂ ಶೋಧಿಸಿ ಪಾತ್ರೆಯ ಸೋಪಿಗೆ ಬಳಸಬಹುದು, ಮೈಸೋಪಿಗೆ ಬೇಡ.

ಎಲ್ಲವನ್ನೂ ತೂಗಬೇಕು, ಅಳತೆ ಲೋಟ ಸಲ್ಲದು. 1 ಲೀಟರ್ ಎಣ್ಣೆಯ ಪ್ಯಾಕೆಟ್ಟಿನಲ್ಲಿರುವುದು ಸುಮಾರು 910 ಗ್ರಾಂ. ಅದನ್ನೇ ಕಿಲೋ ಎಂದು ಭಾವಿಸಿದರೆ ಸೂಪರ್‌ಫ್ಯಾಟ್ ಪೂರ್ತಿ ಹೋಗಿ ಸೋಡಾ ಮಿಗುತ್ತದೆ. ಒಂದು ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬಾರದು. ಕಾಸ್ಟಿಕ್ ಸೋಡಾ ಬಾಯಿ ಮುಚ್ಚಿದ ಡಬ್ಬಿಯದಾಗಿರಲಿ, ಶುದ್ಧವೆಂದು ಬರೆದದ್ದಾಗಿರಲಿ. ತೆರೆದಿಟ್ಟ ಸೋಡಾ ಗಾಳಿಯ ತೇವ, ಇಂಗಾಲದ ಡೈಆಕ್ಸೈಡ್ ಹೀರಿ ಶಕ್ತಿ ಕಳೆದುಕೊಳ್ಳುತ್ತದೆ. ಚರಂಡಿ ತೊಳೆಯುವ ಪುಡಿಯಲ್ಲಿ ಬೇರೆ ಪದಾರ್ಥಗಳೂ ಇರುತ್ತವೆ, ಅದು ಬೇಡ.

ಅಲ್ಯೂಮಿನಿಯಂ ಪಾತ್ರೆ ಎಂದೂ ಬಳಸಬೇಡಿ. ಸೋಡಾ ಅದನ್ನು ತಿನ್ನುತ್ತದೆ, ಹೊತ್ತಿಕೊಳ್ಳುವ ಹೈಡ್ರೋಜನ್ ಅನಿಲ ಬರುತ್ತದೆ. ಸ್ಟೀಲ್ ಪಾತ್ರೆ ಸರಿ. ನೀರಿಗೆ ಸೋಡಾ ಸ್ವಲ್ಪ ಸ್ವಲ್ಪವಾಗಿ ಹಾಕಬೇಕೇ ಹೊರತು ಸೋಡಾದ ಮೇಲೆ ನೀರು ಸುರಿಯಬಾರದು, ಸಿಡಿಯುತ್ತದೆ. ಕರಗುವಾಗ ನೀರು ತಾನಾಗಿಯೇ ಕುದಿಬಿಸಿಯಾಗಿ ಕಟು ಹಬೆ ಬಿಡುತ್ತದೆ. ಕಿಟಕಿ ತೆರೆದಿರಲಿ, ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗ್ಲೌಸ್ ಇರಲಿ. ಮಕ್ಕಳು ಮನೆಯಲ್ಲಿ ಎದ್ದು ಓಡಾಡುವ ಹೊತ್ತಿನಲ್ಲಿ ಈ ಕೆಲಸವೇ ಬೇಡ, ಸೋಡಾ ಕರಗಿದ ನೀರು ನೋಡಲು ಬರೀ ನೀರಿನ ಹಾಗೇ ಇರುತ್ತದೆ. ಮೈಮೇಲೆ ಬಿದ್ದರೆ ವಿನಿಗರ್, ನಿಂಬೆರಸ ಹುಡುಕುತ್ತ ಕೂರಬಾರದು. ಹರಿಯುವ ನೀರಿನಲ್ಲಿ ಬಹಳ ಹೊತ್ತು ತೊಳೆಯಬೇಕು. ಕಣ್ಣಿಗೆ ಬಿದ್ದರೆ ತೊಳೆಯುತ್ತಲೇ ಆಸ್ಪತ್ರೆಗೆ.

ಎಣ್ಣೆಗಳನ್ನು ಕರಗಿಸಿ, ಎರಡೂ 45–50 ಡಿಗ್ರಿಗೆ ಬಂದಾಗ ಸೋಡಾ ನೀರನ್ನು ಎಣ್ಣೆಗೆ ಸುರಿದು ಹ್ಯಾಂಡ್ ಬ್ಲೆಂಡರಿನಿಂದ ಬಿಟ್ಟು ಬಿಟ್ಟು ತಿರುಗಿಸಿ. ಪಾಕ ದೋಸೆ ಹಿಟ್ಟಿನ ಹದಕ್ಕೆ ಬಂದು, ಮೇಲಿಂದ ತೊಟ್ಟಿಕ್ಕಿಸಿದ ಗೆರೆ ಅಳಿಯದೆ ನಿಂತರೆ ಅಚ್ಚಿಗೆ ಸುರಿಯಬಹುದು. ಹರಳೆಣ್ಣೆ ಇದ್ದರೆ ಇದು ಬೇಗ ಆಗುತ್ತದೆ. ಒಂದೆರಡು ದಿನ ಬಿಟ್ಟು, ಕೈಗೆ ಗ್ಲೌಸ್ ಹಾಕಿಕೊಂಡೇ ಕತ್ತರಿಸಿ.

ಬಿಲ್ಲೆಗಳು ಒಣಗಲು 4ರಿಂದ 6 ವಾರ ಬೇಕು. ಮಳೆಗಾಲದ ಕರಾವಳಿಯಲ್ಲಿ, ಮಲೆನಾಡಿನಲ್ಲಿ ಇನ್ನೂ ಹೆಚ್ಚು, ಏಕೆಂದರೆ ಮನೆಯ ಸೋಪಿನಲ್ಲಿ ಉಳಿದ ಗ್ಲಿಸರಿನ್ ಗಾಳಿಯ ತೇವ ಎಳೆದುಕೊಂಡು ಬಿಲ್ಲೆ ಬೆವರುತ್ತದೆ. ಅದು ಕೆಟ್ಟದ್ದರ ಗುರುತಲ್ಲ. ಆ ಊರುಗಳವರು ಸೋಪನ್ನು ಸುಗ್ಗಿ ಮುಗಿದ ಮೇಲೆ, ಬೇಸಗೆಯಲ್ಲೇ ಮಾಡಿ ಒಣಗಿಸಿಕೊಳ್ಳುವುದು ಅನುಕೂಲ; ಮುರುಗಲ ಹಣ್ಣು ಬರುವುದೂ ಆಗಲೇ. ಬಿಸಿಲಿಗೆ ಇಡದೆ, ಕಬ್ಬಿಣದ ಜಾಲರಿಯ ಮೇಲೆ ಹರಡದೆ, ಬಿದಿರಿನ ತಟ್ಟೆಯ ಮೇಲೆ ಗಾಳಿಯಾಡುವ ಕಡೆ ಸಾಲಾಗಿ ಇಡಿ. ಪಕ್ಕದಲ್ಲಿ ಒಂದು ಚೀಟಿ ಇರಲಿ: ಯಾವ ಎಣ್ಣೆ ಎಷ್ಟು, ಸೋಡಾ ಎಷ್ಟು, ಯಾವತ್ತು ಮಾಡಿದ್ದು. ನೆಂಟರಿಗೆ ಹಂಚುವುದಕ್ಕೆ ಅಷ್ಟು ಸಾಕು. ಮಾರಲು ಹೊರಟರೆ ಸೋಪು ಕಾನೂನಿನಲ್ಲಿ ಸೌಂದರ್ಯ ಸಾಧನಗಳ ಸಾಲಿಗೆ ಸೇರುತ್ತದೆ, ತಯಾರಿಕೆಗೆ ಪರವಾನಗಿ ಪಡೆಯಬೇಕಾಗುತ್ತದೆ.